ಆರ್ಗ್ಯಾನಿಕ್ ಕೆಮಿಸ್ಟ್ರಿ ಬಾಯಿಪಾಠ ಮಾಡಿ ಸಾಕಾಗಿದೆ, ಬೇರೆ ದಾರಿ ಇದ್ದರೆ ಹೇಳಿ

ಶಹಾಪುರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ನೀಟ್ ಬರೆಯಬೇಕು, ಸಿಇಟಿಯನ್ನೂ ಬರೆಯುತ್ತೇನೆ. ಬಯಾಲಜಿ ಚೆನ್ನಾಗಿದೆ. ಫಿಸಿಕ್ಸ್ ಹೇಗೋ ನಡೆಯುತ್ತಿದೆ. ಆದರೆ ಆರ್ಗ್ಯಾನಿಕ್ ಬಂದರೆ ಕೈಕಾಲು ಆಡುವುದಿಲ್ಲ.

ರಿಯಾಕ್ಷನ್‌ಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ದಿನಾ ಓದುತ್ತೇನೆ. ರಾತ್ರಿ ನೆನಪಿರುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಯಾವುದು ಯಾವುದಕ್ಕೆ ಅಂತ ಕಲಸಿಹೋಗಿರುತ್ತದೆ. ಕಳೆದ ವಾರದ ಮಾಕ್ ಟೆಸ್ಟಿನಲ್ಲಿ ಒಂದು ಪ್ರಶ್ನೆ ಬಂತು. 3-ಮಿಥೈಲ್ ಬ್ಯೂಟೇನ್-2-ಆಲ್‌ಗೆ ಎಚ್‌ಬಿಆರ್ ಹಾಕಿದರೆ ಏನು ಬರುತ್ತದೆ? ಓಎಚ್ ಜಾಗಕ್ಕೆ ಬ್ರೋಮಿನ್ ಬರುತ್ತದೆ ಅಂತ ಓದಿದ್ದೆ. ಹಾಗಾಗಿ 2-ಬ್ರೋಮೋ-3-ಮಿಥೈಲ್ ಬ್ಯೂಟೇನ್ ಅಂತ ಗುರುತು ಹಾಕಿದೆ. ಕೀ ಉತ್ತರದಲ್ಲಿ 2-ಬ್ರೋಮೋ-2-ಮಿಥೈಲ್ ಬ್ಯೂಟೇನ್ ಇದೆ. ಬ್ರೋಮಿನ್ ಬೇರೆ ಕಾರ್ಬನ್ನಿಗೆ ಹೋಗಿ ಕೂತಿದ್ದು ಹೇಗೆ? ಕೇಳಿದರೆ "ಅದು ಹಾಗೇ, ನೆನಪಿಟ್ಟುಕೋ" ಅಂದರು. ಇಂಥವು ಇನ್ನೆಷ್ಟು ಇವೆ? ಎಲ್ಲವನ್ನೂ ನೆನಪಿಟ್ಟುಕೊಳ್ಳಲು ಆಗುತ್ತದಾ?

ಬೀದರ್ ರಿಪೀಟರ್

ತಂಗಿ, ಹೋದ ವರ್ಷ ನಾನು ಇದ್ದ ಜಾಗದಲ್ಲೇ ನೀನು ಈಗ ನಿಂತಿದ್ದೀಯ. ನಾನು ಸೇರಿದ್ದ ಕೋಚಿಂಗಿನಲ್ಲಿ ದೊಡ್ಡ ರಿಯಾಕ್ಷನ್ ಚಾರ್ಟ್ ಕೊಟ್ಟಿದ್ದರು. ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿಕೊಂಡು ಬೆಳಗ್ಗೆ ಎದ್ದ ತಕ್ಷಣ ಅದನ್ನೇ ನೋಡುತ್ತಿದ್ದೆ. ಪರೀಕ್ಷೆಯಲ್ಲಿ ಚಾರ್ಟಿನ ಯಾವ ಮೂಲೆಯಲ್ಲಿ ಆ ರಿಯಾಕ್ಷನ್ ಇತ್ತು ಅನ್ನುವುದು ನೆನಪಾಯಿತು, ಉತ್ತರ ನೆನಪಾಗಲಿಲ್ಲ. ಅಂದಾಜಿನ ಮೇಲೆ ಗುರುತು ಹಾಕಿದೆ. ನೀಟ್‌ನಲ್ಲಿ ಸರಿಯಾದರೆ 4 ಅಂಕ, ತಪ್ಪಾದರೆ 1 ಹೋಗುತ್ತದೆ. ಹಾಗೆ ಕಳೆದುಕೊಂಡ ಅಂಕಗಳನ್ನು ಈಗಲೂ ಮರೆತಿಲ್ಲ.

ಈ ವರ್ಷ ಚಾರ್ಟ್ ಕಿತ್ತು ಹಾಕಿದ್ದೇನೆ. ಫಸ್ಟ್ ಪಿಯುಸಿಯ ಬೇಸಿಕ್ ಪ್ರಿನ್ಸಿಪಲ್ಸ್ ಚಾಪ್ಟರಿನಿಂದ ಮತ್ತೆ ಶುರು ಮಾಡಿದೆ. ಒಂದು ತಿಂಗಳು ಅದೊಂದೇ. ಮನೆಯಲ್ಲಿ "ಇನ್ನೂ ಫಸ್ಟ್ ಇಯರ್ ಪುಸ್ತಕನಾ" ಅಂತ ಕೇಳಿದರು. ಆದರೆ ಈಗ ಸೆಕೆಂಡ್ ಇಯರ್ ಪಾಠ ಓದುವಾಗ ಮುಂದೇನಾಗುತ್ತದೆ ಅಂತ ಪುಟ ತಿರುಗಿಸುವ ಮೊದಲೇ ಗೊತ್ತಾಗುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಕಾರ್ಬೋಕ್ಯಾಟಯಾನ್‌ನಲ್ಲಿದೆ, ಅಂದರೆ ಪ್ಲಸ್ ಚಾರ್ಜ್ ಇರುವ ಕಾರ್ಬನ್‌ನಲ್ಲಿ. ಮೇಷ್ಟ್ರು ಯಾರಾದರೂ ಬಿಡಿಸಿ ಹೇಳಲಿ, ನಾನು ಹೇಳಿದರೆ ಅರ್ಧಂಬರ್ಧ ಆಗುತ್ತದೆ.

ಪಿಯು ಕೆಮಿಸ್ಟ್ರಿ ಮೇಷ್ಟ್ರು, ಕಲಬುರಗಿ

ನೋಡವ್ವ, ಶಹಾಪುರದ ಕಡೆಯವಳು ಅಂದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ನಿಮ್ಮ ಕಡೆಗೆ ಬರುತ್ತದಲ್ವಾ? ಗದ್ದೆಗೆ ನೀರು ಕಟ್ಟುವುದನ್ನು ನೀನು ನೋಡಿರುತ್ತೀಯ. ನೀರು ಎತ್ತರದಿಂದ ತಗ್ಗಿಗೆ ಹೋಗುತ್ತದೆ. ಯಾವ ಮಡಿಗೆ ಯಾವಾಗ ಅಂತ ಬಾಯಿಪಾಠ ಮಾಡಿದವರು ಯಾರೂ ಇಲ್ಲ. ನೆಲ ನೋಡಿದರೆ ಗೊತ್ತಾಗುತ್ತದೆ.

ಆರ್ಗ್ಯಾನಿಕ್‌ನಲ್ಲಿ ಆ ನೀರು ಎಲೆಕ್ಟ್ರಾನ್. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ. ಪುಸ್ತಕದಲ್ಲಿ ಬಾಗಿದ ಬಾಣ ಹಾಕುತ್ತಾರಲ್ಲ, ಅದು ನೀರಿನ ದಾರಿ. ಬಾಣದ ಬಾಲ ಎಲೆಕ್ಟ್ರಾನ್ ಇರುವ ಕಡೆ, ತಲೆ ಅದು ಹೋಗುವ ಕಡೆ. ಎಷ್ಟೋ ಮಕ್ಕಳು ಬಾಣವನ್ನು ಪ್ಲಸ್ ಚಾರ್ಜಿನಿಂದ ಶುರು ಮಾಡುತ್ತಾರೆ. ಅಲ್ಲಿ ಎಲೆಕ್ಟ್ರಾನೇ ಇಲ್ಲ, ಬಾಣ ಎಲ್ಲಿಂದ ಹೊರಡಬೇಕು?

ಈಗ ನಿನ್ನ ಲೆಕ್ಕ. ಎಚ್‌ಬಿಆರ್ ಆಮ್ಲ. ಮೊದಲು ಓಎಚ್ ಒಂದು ಪ್ರೋಟಾನ್ ತೆಗೆದುಕೊಂಡು ನೀರಾಗಿ ಹೊರಗೆ ಹೋಗುತ್ತದೆ. ಅದು ಬಿಟ್ಟುಹೋದ ಎರಡನೇ ಕಾರ್ಬನ್ ಮೇಲೆ ಪ್ಲಸ್ ಉಳಿಯುತ್ತದೆ. ಅಂದರೆ ಅಲ್ಲಿ ತಗ್ಗು ಬಿತ್ತು. ಈ ಕಾರ್ಬನ್ನಿಗೆ ಎರಡು ಕಡೆ ಕಾರ್ಬನ್ ಇದೆ, ಸೆಕೆಂಡರಿ. ಅಕ್ಕಪಕ್ಕದ ಕಾರ್ಬನ್ನುಗಳು ಸ್ವಲ್ಪ ಎಲೆಕ್ಟ್ರಾನ್ ಕೊಟ್ಟು ತಗ್ಗನ್ನು ತುಂಬುತ್ತವೆ. ಪಕ್ಕದ ಮೂರನೇ ಕಾರ್ಬನ್ ನೋಡು. ತಗ್ಗು ಅಲ್ಲಿ ಬಿದ್ದಿದ್ದರೆ ಮೂರು ಕಡೆಯಿಂದ ನೀರು ಬರುತ್ತಿತ್ತು. ಅದು ಟರ್ಷಿಯರಿ, ಹೆಚ್ಚು ಗಟ್ಟಿ. ಹಾಗಾಗಿ ಮೂರನೇ ಕಾರ್ಬನ್ನಿನ ಹೈಡ್ರೋಜನ್ ತನ್ನ ಎರಡೂ ಎಲೆಕ್ಟ್ರಾನ್ ಹಿಡಿದುಕೊಂಡು ಎರಡನೇ ಕಾರ್ಬನ್ನಿಗೆ ಜರುಗುತ್ತದೆ. ಇದೇ ಹೈಡ್ರೈಡ್ ಶಿಫ್ಟ್. ಪ್ಲಸ್ ಮೂರನೇ ಕಾರ್ಬನ್ನಿಗೆ ಬಂತು, ಬ್ರೋಮೈಡ್ ಅಲ್ಲಿಗೇ ಹೋಗಿ ಸೇರಿತು. ಆಮೇಲೆ ಹೆಸರು ಬರೆಯುವಾಗ ಹತ್ತಿರದ ತುದಿಯಿಂದ ಎಣಿಸುತ್ತೇವೆ, ಅದಕ್ಕೆ 2-ಬ್ರೋಮೋ-2-ಮಿಥೈಲ್ ಆಯಿತು.

ಇದನ್ನು "ಅದು ಹಾಗೇ" ಅಂತ ಹೇಳಿ ಬಿಡಬಾರದಿತ್ತು. ಕಾರ್ಬೋಕ್ಯಾಟಯಾನ್ ಕಂಡ ಕೂಡಲೇ ಒಂದು ಪ್ರಶ್ನೆ ಕೇಳಿಕೋ: ಪಕ್ಕದಲ್ಲಿ ಇದಕ್ಕಿಂತ ಗಟ್ಟಿ ಜಾಗ ಇದೆಯಾ? ಇದ್ದರೆ ಶಿಫ್ಟ್ ಆಗುತ್ತದೆ.

ಶಹಾಪುರದ ಹುಡುಗಿ

ಸರ್, ಗೊತ್ತಾಯಿತು! ಹಾಳೆ ಮೇಲೆ ಮೂರು ಸಲ ಬಿಡಿಸಿ ನೋಡಿದೆ. ನಮ್ಮ ಅಪ್ಪಾಜಿ ಭತ್ತದ ಗದ್ದೆಗೆ ನೀರು ಬಿಡುವಾಗ ನಾನೇ ಬ್ಯಾಟರಿ ಹಿಡಿದು ನಿಲ್ಲುತ್ತಿದ್ದೆ. ಇನ್ನೊಂದು ಕೇಳಲಾ? ಒಂದು ಗುಂಪು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವ ರಿಯಾಕ್ಷನ್‌ನಲ್ಲಿ ಎಸ್‌ಎನ್1, ಎಸ್‌ಎನ್2 ಅಂತ ಎರಡು ದಾರಿ ಇವೆಯಲ್ಲ, ಯಾವಾಗ ಯಾವುದು ಅಂತ ನನಗೆ ಯಾವಾಗಲೂ ತಿರುಗಾ ಮುರುಗಾ ಆಗುತ್ತದೆ.

ಬೀದರ್ ರಿಪೀಟರ್

ಇದನ್ನು ನಾನು ಹೇಳುತ್ತೇನೆ, ಬಸ್ಸಿನಲ್ಲಿ ಕಲಿತಿದ್ದು. ಬೀದರ್‌ನಿಂದ ಕಲಬುರಗಿಗೆ ಹಬ್ಬದ ದಿನ ಬಸ್ ಹತ್ತಿದ್ದೀಯಾ? ಒಬ್ಬರು ಮೊದಲು ಎದ್ದು ಇಳಿಯುತ್ತಾರೆ, ಸೀಟು ಖಾಲಿ ಆಗುತ್ತದೆ, ಆಮೇಲೆ ಇನ್ನೊಬ್ಬರು ಕೂರುತ್ತಾರೆ. ಇದು ಎಸ್‌ಎನ್1. ಇಳಿಯುವವರು ನಿಧಾನ ಮಾಡಿದರೆ ಎಲ್ಲಾ ನಿಧಾನ. ಅದಕ್ಕೇ ವೇಗ ಬರೀ ಹ್ಯಾಲೈಡ್ (ಬ್ರೋಮಿನ್, ಕ್ಲೋರಿನ್‌ನಂಥದ್ದು ಅಂಟಿರುವ ಸಂಯುಕ್ತ) ಮೇಲೆ ನಿಂತಿದೆ, ಕಾಯುತ್ತಿರುವವರು ಎಷ್ಟಿದ್ದರೂ ಲೆಕ್ಕವಿಲ್ಲ. ಖಾಲಿ ಸೀಟು ಅಂದರೆ ಕಾರ್ಬೋಕ್ಯಾಟಯಾನ್. ಅದು ಗಟ್ಟಿಯಾಗಿದ್ದಷ್ಟೂ ಒಳ್ಳೆಯದು, ಹಾಗಾಗಿ ಟರ್ಷಿಯರಿ ಮುಂದೆ.

ಎಸ್‌ಎನ್2ನಲ್ಲಿ ಒಬ್ಬರು ಹಿಂದಿನಿಂದ ತಳ್ಳಿಕೊಂಡು ಬರುತ್ತಿರುವಾಗಲೇ ಇನ್ನೊಬ್ಬರು ಮುಂದಿನಿಂದ ಏಳುತ್ತಾರೆ. ಇಬ್ಬರೂ ಒಂದೇ ಹೊತ್ತಿಗೆ. ಹಿಂದೆ ಜನ ತುಂಬಿದ್ದರೆ ಬರಲು ಜಾಗ ಇಲ್ಲ. ಹಾಗಾಗಿ ಮಿಥೈಲ್ ಎಲ್ಲಕ್ಕಿಂತ ಸಲೀಸು, ಆಮೇಲೆ ಪ್ರೈಮರಿ, ಸೆಕೆಂಡರಿ, ಕೊನೆಗೆ ಟರ್ಷಿಯರಿ. ಹಿಂದಿನಿಂದ ಬರುವುದರಿಂದ ಆಕಾರವೂ ಗಾಳಿಗೆ ಛತ್ರಿ ಮಗುಚಿದ ಹಾಗೆ ತಿರುಗುತ್ತದೆ.

ಸಿಇಟಿ ಸಾಕು ಅನ್ನುವವ, ಸೇಡಂ

ಎಲ್ಲರೂ ಬಾಯಿಪಾಠ ಬೇಡ ಅನ್ನುತ್ತಿದ್ದೀರಿ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ನನ್ನ ಗುರಿ ಇಂಜಿನಿಯರಿಂಗ್, ಸಿಇಟಿ. ಅಲ್ಲಿ ಕೆಮಿಸ್ಟ್ರಿ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡ್ ಸಿಗುತ್ತದೆ. ಇಷ್ಟರಲ್ಲಿ ಬಾಣ ಬಿಡಿಸುತ್ತಾ ಕೂತರೆ ಮುಗಿಯುವುದಿಲ್ಲ. "ಈಟಾರ್ಡ್ ರಿಯಾಕ್ಷನ್‌ಗೆ ಯಾವ ರಿಯೇಜೆಂಟ್" ಅಂತ ಕೇಳಿದರೆ ಕ್ರೋಮೈಲ್ ಕ್ಲೋರೈಡ್ ಅಂತ ಬಾಯಿಗೆ ಬರಬೇಕು. ನೀರಿನ ಕಾಲುವೆ ಅದನ್ನು ಹೇಳಿಕೊಡುವುದಿಲ್ಲ. ಸಿಇಟಿಯಲ್ಲಿ ನೆಗೆಟಿವ್ ಅಂಕವೂ ಇಲ್ಲ.

ಪಿಯು ಕೆಮಿಸ್ಟ್ರಿ ಮೇಷ್ಟ್ರು, ಕಲಬುರಗಿ

ತಮ್ಮಾ, ನೀನು ಹೇಳಿದ್ದು ಸರಿ. ಬಾಯಿಪಾಠವೇ ಬೇಡ ಅಂತ ನಾನು ಹೇಳುವುದಿಲ್ಲ. ಯಾವುದನ್ನು ಬಾಯಿಪಾಠ ಮಾಡಬೇಕು ಅನ್ನುವುದನ್ನು ಬೇರೆ ಮಾಡಿಕೊಳ್ಳಬೇಕು, ಅಷ್ಟೇ. ಹೆಸರು ಮತ್ತು ರಿಯೇಜೆಂಟ್ ಎರಡನ್ನೂ ನೆನಪಿನಲ್ಲೇ ಇಡಬೇಕು. ರೋಸೆನ್‌ಮುಂಡ್ ಅಂದರೆ ಬೇರಿಯಂ ಸಲ್ಫೇಟ್ ಮೇಲಿನ ಪಲ್ಲಾಡಿಯಂ. ಸ್ಟೀಫನ್ ಅಂದರೆ ಸ್ಟ್ಯಾನಸ್ ಕ್ಲೋರೈಡ್ ಮತ್ತು ಎಚ್‌ಸಿಎಲ್. ಕ್ಲೆಮೆನ್ಸನ್ ಅಂದರೆ ಝಿಂಕ್ ಅಮಾಲ್ಗಮ್. ಪಿಸಿಸಿ ಹಾಕಿದರೆ ಪ್ರೈಮರಿ ಆಲ್ಕೋಹಾಲ್ ಆಲ್ಡಿಹೈಡ್‌ನಲ್ಲೇ ನಿಲ್ಲುತ್ತದೆ. ಇವು ಮೂವತ್ತು ನಲವತ್ತು ಇರಬಹುದು. ಒಂದು ಹಾಳೆಗೆ ಹಿಡಿಸುತ್ತವೆ.

ನೀರಿನಲ್ಲಿ ಅಮೀನ್‌ಗಳ ಬೇಸಿಕ್ ಗುಣದ ಸರಣಿಯೂ ಹಾಗೇ. ಮಿಥೈಲ್‌ನಲ್ಲಿ ಸೆಕೆಂಡರಿ, ಪ್ರೈಮರಿ, ಟರ್ಷಿಯರಿ. ಈಥೈಲ್‌ನಲ್ಲಿ ಸೆಕೆಂಡರಿ, ಟರ್ಷಿಯರಿ, ಪ್ರೈಮರಿ. ಅಮೋನಿಯಾ ಎರಡರಲ್ಲೂ ಕೊನೆಗೆ. ಎಲೆಕ್ಟ್ರಾನ್ ಕೊಡುವುದು, ನೀರು ಸುತ್ತುವರಿಯುವುದು, ಗುಂಪುಗಳ ಇಕ್ಕಟ್ಟು, ಈ ಮೂರೂ ಸೇರಿ ಹೀಗಾಗುತ್ತದೆ. ಮೂರರಲ್ಲಿ ಯಾವುದು ಎಷ್ಟು ಗೆಲ್ಲುತ್ತದೆ ಅಂತ ಪರೀಕ್ಷೆ ಹಾಲಿನಲ್ಲಿ ಕೂತು ತೂಗಲು ಆಗುವುದಿಲ್ಲ. ನಾನೂ ಇದನ್ನು ನೆನಪಿನಿಂದಲೇ ಹೇಳುವುದು.

ಆದರೆ ಇನ್ನೊಂದು ರೀತಿಯ ಪ್ರಶ್ನೆ ಬರುತ್ತದೆ. ಅದರಲ್ಲಿ ಬಾಯಿಪಾಠ ಮಾಡಿದವರೇ ಬೀಳುತ್ತಾರೆ. ನನಗೆ ತುಂಬಾ ಇಷ್ಟವಾದ ಉದಾಹರಣೆ ಅನಿಲಿನ್ ನೈಟ್ರೇಷನ್, ಅಂದರೆ ಅನಿಲಿನ್ ರಿಂಗಿಗೆ ನೈಟ್ರೋ ಗುಂಪು ಸೇರಿಸುವುದು. ಅಮಿನೋ ಗುಂಪು ರಿಂಗಿಗೆ ಎಲೆಕ್ಟ್ರಾನ್ ಕೊಡುತ್ತದೆ, ಹಾಗಾಗಿ ಹೊಸ ಗುಂಪು ಆರ್ಥೋ (ಪಕ್ಕದ ಜಾಗ) ಮತ್ತು ಪ್ಯಾರಾ (ನೇರ ಎದುರಿನ ಜಾಗ) ಅಂತ ಎಲ್ಲರೂ ಓದಿರುತ್ತಾರೆ. ನಿಜವಾಗಿ ಬರುವುದು ಪ್ಯಾರಾ 51%, ಮೆಟಾ (ಪಕ್ಕದ್ದು ಬಿಟ್ಟು ಮುಂದಿನ ಜಾಗ) 47%, ಆರ್ಥೋ 2%. ಮೆಟಾ ಇಷ್ಟೊಂದು ಎಲ್ಲಿಂದ ಬಂತು? ನೈಟ್ರೇಷನ್‌ಗೆ ಗಟ್ಟಿ ಆಮ್ಲ ಹಾಕಿದ್ದೇವೆ. ಅನಿಲಿನ್ ಬೇಸ್. ಅದು ಸುಮ್ನೆ ಕೂರುವುದಿಲ್ಲ, ಪ್ರೋಟಾನ್ ಹಿಡಿದುಕೊಂಡು ಅನಿಲಿನಿಯಂ ಆಗುತ್ತದೆ. ಕೊಡಲು ಇಟ್ಟುಕೊಂಡಿದ್ದ ಎಲೆಕ್ಟ್ರಾನ್ ಜೋಡಿ ಪ್ರೋಟಾನಿಗೆ ಹೋಯಿತು. ಈಗ ನೈಟ್ರೋಜನ್ ಮೇಲೆ ಪ್ಲಸ್. ಕೊಡುತ್ತಿದ್ದವನು ಕೇಳುವವನಾದ. ರಿಂಗಿನಿಂದ ಎಳೆಯುತ್ತಾನೆ, ಹಾಗಾಗಿ ಮೆಟಾ.

ಪ್ಯಾರಾ ಮಾತ್ರ ಜಾಸ್ತಿ ಬೇಕು ಅಂದರೆ ಏನು ಮಾಡುತ್ತಾರೆ? ಮೊದಲು ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಅಸಿಟನಿಲೈಡ್ ಮಾಡಿಕೊಳ್ಳುತ್ತಾರೆ. ನೈಟ್ರೋಜನ್ನಿನ ಜೋಡಿ ಪಕ್ಕದ ಕಾರ್ಬೊನಿಲ್ ಕಡೆಗೂ ಹಂಚಿಹೋಗುತ್ತದೆ, ಪ್ರೋಟಾನಿಗೆ ಸುಲಭವಾಗಿ ಸಿಗುವುದಿಲ್ಲ. ನೈಟ್ರೇಷನ್ ಮಾಡಿದರೆ ಪ್ಯಾರಾ ಮುಖ್ಯವಾಗಿ ಬರುತ್ತದೆ. ಆಮೇಲೆ ಹೈಡ್ರಾಲಿಸಿಸ್ ಮಾಡಿ ಮುಚ್ಚಳ ತೆಗೆಯುತ್ತಾರೆ. ಅಸಿಟನಿಲೈಡ್, ಪ್ಯಾರಾ ನೈಟ್ರೋ ಅಸಿಟನಿಲೈಡ್ ತಯಾರಿ ನೀಟ್ ಸಿಲಬಸ್ಸಿನ ಪ್ರಾಕ್ಟಿಕಲ್ ಕೆಮಿಸ್ಟ್ರಿ ಭಾಗದಲ್ಲೇ ಇದೆ. ಥಿಯರಿ ತಿಳಿದರೆ ಪ್ರಾಕ್ಟಿಕಲ್ ಬೇರೆ ಓದಬೇಕಾಗಿಲ್ಲ.

ಸಿಇಟಿ ಸಾಕು ಅನ್ನುವವ, ಸೇಡಂ

ಸರ್, ಅನಿಲಿನ್ ವಿಷಯ ನನಗೆ ಗೊತ್ತಿರಲಿಲ್ಲ. 47 ಅನ್ನುವ ಸಂಖ್ಯೆ ಓದಿದ್ದೆ, ಯಾಕೆ ಅಂತ ಕೇಳಿಕೊಂಡಿರಲಿಲ್ಲ. ಹಾಗಾದರೆ ಅನಿಲಿನ್ ಫ್ರೀಡೆಲ್ ಕ್ರಾಫ್ಟ್ಸ್ ಕೊಡುವುದಿಲ್ಲ ಅನ್ನುವುದೂ ಇದೇ ಕಾರಣಕ್ಕಾ? ಅಲ್ಯೂಮಿನಿಯಂ ಕ್ಲೋರೈಡ್ ಆ ಜೋಡಿಯನ್ನು ಹಿಡಿದುಕೊಳ್ಳುತ್ತದೆ?

ಪಿಯು ಕೆಮಿಸ್ಟ್ರಿ ಮೇಷ್ಟ್ರು, ಕಲಬುರಗಿ

ಅದೇ ಕಾರಣ ತಮ್ಮಾ. ಒಂದು ತಿಳಿದಿದ್ದಕ್ಕೆ ಇನ್ನೊಂದು ನೀನೇ ಹೇಳಿದೆ ನೋಡು.

ಎಂಬಿಬಿಎಸ್ ಓದುತ್ತಿರುವ ಅಕ್ಕ, ಯಾದಗಿರಿ

ನಾನೂ ಕನ್ನಡ ಮೀಡಿಯಂನಿಂದಲೇ ಬಂದವಳು, ಅದಕ್ಕೆ ಎರಡು ಮಾತು ಬರೆಯುತ್ತೇನೆ.

ಮೊದಲನೆಯದು ಭಾಷೆ. ಹತ್ತನೇ ಕ್ಲಾಸಿನಲ್ಲಿ ಸಹವೇಲೆನ್ಸಿಯ ಬಂಧ ಅಂತ ಓದಿ, ಪಿಯುಸಿಗೆ ಬಂದು ಕೋವೇಲೆಂಟ್ ಬಾಂಡ್ ಅಂದಾಗ ಎರಡೂ ಒಂದೇ ಅಂತ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಕೇಳಲು ನಾಚಿಕೆ. ಆಮೇಲೆ ನೋಟ್‌ಬುಕ್ಕಿನ ಕೊನೆಯ ಹತ್ತು ಹಾಳೆಯಲ್ಲಿ ಎರಡು ಸಾಲು ಮಾಡಿಕೊಂಡೆ. ಆಮ್ಲ, ಆಸಿಡ್. ಅಣು, ಮಾಲಿಕ್ಯೂಲ್. ಪರಮಾಣು, ಆಟಂ. ಒಂದು ತಿಂಗಳಲ್ಲಿ ಆ ಹಾಳೆ ತೆರೆಯುವ ಅಗತ್ಯವೇ ಇರಲಿಲ್ಲ. ತಂಗಿ, ಯೋಚನೆ ಕನ್ನಡದಲ್ಲೇ ಮಾಡು. "ಇಲ್ಲಿಂದ ಎಲೆಕ್ಟ್ರಾನ್ ಅಲ್ಲಿಗೆ ಹೋಗುತ್ತದೆ, ಇದು ಬಿಟ್ಟುಹೋಗುತ್ತದೆ" ಅಂತ ಬಾಯಿಬಿಟ್ಟು ಹೇಳಿಕೋ. ಹೆಸರು ಮಾತ್ರ ಇಂಗ್ಲಿಷಿನಲ್ಲಿ ಬರೆ. ನೀಟ್ ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಕನ್ನಡ ಆರಿಸಿದರೆ ಇಂಗ್ಲಿಷ್ ಕೂಡ ಜೊತೆಗೇ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ರೂಪವೇ ಅಂತಿಮ, ಇದು ನೆನಪಿರಲಿ.

ಎರಡನೆಯದು ನೋಟ್ಸ್. ನಾನು ರಿಯಾಕ್ಷನ್‌ಗಳನ್ನು ಸಾಲಾಗಿ ಬರೆಯುತ್ತಿರಲಿಲ್ಲ. ದೊಡ್ಡ ಹಾಳೆಯ ನಡುವೆ ಬ್ರೋಮೋ ಈಥೇನ್ ಬರೆದು ಸುತ್ತಲೂ ದಾರಿ ಹಾಕುತ್ತಿದ್ದೆ. ನೀರಿನಲ್ಲಿ ಕರಗಿಸಿದ ಕೆಓಎಚ್ ಹಾಕಿದರೆ ಈಥನಾಲ್. ಅದೇ ಕೆಓಎಚ್ ಆಲ್ಕೋಹಾಲ್‌ನಲ್ಲಿ ಹಾಕಿ ಕಾಯಿಸಿದರೆ ಈಥೀನ್. ಪೊಟ್ಯಾಸಿಯಂ ಸೈನೈಡ್ ಹಾಕಿದರೆ ಕಾರ್ಬನ್ ಒಂದು ಹೆಚ್ಚಾಗಿ ಪ್ರೊಪೇನ್ ನೈಟ್ರೈಲ್. ಸಿಲ್ವರ್ ಸೈನೈಡ್ ಹಾಕಿದರೆ ಐಸೋಸೈನೈಡ್. ಇಲ್ಲಿ ನಿಂತು ಯಾಕೆ ಅಂತ ಕೇಳಬೇಕು. ಪೊಟ್ಯಾಸಿಯಂ ಸೈನೈಡ್ ಅಯಾನಿಕ್, ಸೈನೈಡ್ ಬಿಡಿಯಾಗಿ ಇರುತ್ತದೆ, ಕಾರ್ಬನ್ ಕಡೆಯಿಂದ ಸೇರುತ್ತದೆ. ಸಿಲ್ವರ್ ಸೈನೈಡ್‌ನಲ್ಲಿ ಬೆಳ್ಳಿ ಕಾರ್ಬನ್ನನ್ನು ಕೋವೇಲೆಂಟ್ ಆಗಿ ಹಿಡಿದುಕೊಂಡಿರುತ್ತದೆ, ಕೊಡಲು ನೈಟ್ರೋಜನ್ ಜೋಡಿ ಮಾತ್ರ ಖಾಲಿ.

ಆ ಹಾಳೆಯಲ್ಲಿ ಕಾರ್ಬನ್ ಏರುವ ದಾರಿಗೆ ಕೆಂಪು, ಇಳಿಯುವ ದಾರಿಗೆ ನೀಲಿ ಪೆನ್ ಹಾಕಿದ್ದೆ. ಸೈನೈಡ್ ಒಂದು ಏರಿಸುತ್ತದೆ. ಹಾಫ್‌ಮನ್ ಬ್ರೋಮಮೈಡ್ ಒಂದು ಇಳಿಸುತ್ತದೆ. "ಎ ಇಂದ ಬಿ, ಬಿ ಇಂದ ಸಿ" ಅಂತ ಉದ್ದಕ್ಕೆ ಕೇಳುವ ಪ್ರಶ್ನೆಗಳಲ್ಲಿ ಕಾರ್ಬನ್ ಎಣಿಸಿದರೆ ಎರಡು ಆಯ್ಕೆ ಅಲ್ಲೇ ಬಿದ್ದುಹೋಗುತ್ತವೆ.

ಇನ್ನೊಂದು, ಹಳೆಯ ಪುಸ್ತಕ ತಗೊಂಡವರಿಗೆ. ನನ್ನ ತಮ್ಮ ಸೆಕೆಂಡ್ ಹ್ಯಾಂಡ್ ಪುಸ್ತಕದಲ್ಲಿ ಪಾಲಿಮರ್ ಚಾಪ್ಟರ್ ಹತ್ತು ದಿನ ಓದಿದ. ಪಾಲಿಮರ್ಸ್ ಮತ್ತು ಕೆಮಿಸ್ಟ್ರಿ ಇನ್ ಎವ್ರಿಡೇ ಲೈಫ್ ಎರಡೂ ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇಲ್ಲ, 2024ರ ನೀಟ್ ಸಿಲಬಸ್ಸಿನಿಂದಲೂ ತೆಗೆದಿದ್ದಾರೆ. ಓದುವ ಮೊದಲು ಆ ವರ್ಷದ ಸಿಲಬಸ್ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಾಗೇ 371ಜೆ (ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿ) ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕಚೇರಿ ಮುಂದೆ ನಿಲ್ಲುತ್ತಾರೆ.

ಆಳಂದದ ತಂದೆ

ನಾನು ಓದಿದ್ದು ಏಳನೇ ಕ್ಲಾಸು. ಮಗಳು ನೀಟ್ ಬರೆಯುತ್ತಾಳೆ. ಮೇಲಿನ ಮಾತೆಲ್ಲ ನನಗೆ ಅರ್ಥ ಆಗಲಿಲ್ಲ. ಆದರೆ ಕಾಲುವೆ ಮತ್ತು ಬಸ್ಸಿನ ಮಾತು ಅರ್ಥ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಂಥವರು ಮನೆಯಲ್ಲಿ ಮಕ್ಕಳಿಗೆ ಏನು ಸಹಾಯ ಮಾಡಬಹುದು? ಫೀಸು ಕಟ್ಟುವುದು ಬಿಟ್ಟು.

ಎಂಬಿಬಿಎಸ್ ಓದುತ್ತಿರುವ ಅಕ್ಕ, ಯಾದಗಿರಿ

ಕಾಕಾ, ನಮ್ಮ ಅವ್ವ ಶಾಲೆಗೆ ಹೋದವರಲ್ಲ. ಅವರು ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಅವತ್ತಿನ ಪಾಠ ಅವರಿಗೆ ಹೇಳುತ್ತಿದ್ದೆ. ಅವರು "ಯಾಕ ಹಂಗ?" ಅಂತ ಒಂದೇ ಮಾತು ಕೇಳುತ್ತಿದ್ದರು. ಉತ್ತರ ಬಾರದ ಕಡೆ ನನಗೆ ಪಾಠ ಬಂದಿಲ್ಲ ಅಂತ ಗೊತ್ತಾಗುತ್ತಿತ್ತು. ಆಲ್ಡಾಲ್, ಕ್ಯಾನಿಜಾರೋ ಎರಡರ ವ್ಯತ್ಯಾಸ ಹಾಗೇ ಕಲಿತೆ. ಆಲ್ಡಿಹೈಡ್ ಪಕ್ಕದ ಕಾರ್ಬನ್ನಿನಲ್ಲಿ ಹೈಡ್ರೋಜನ್ ಇದ್ದರೆ ಆಲ್ಡಾಲ್. ಇಲ್ಲದಿದ್ದರೆ, ಗಟ್ಟಿ ಬೇಸ್ ಹಾಕಿದಾಗ, ಒಂದು ಆಸಿಡ್ ಆಗುತ್ತದೆ, ಇನ್ನೊಂದು ಆಲ್ಕೋಹಾಲ್ ಆಗುತ್ತದೆ. ನೀವು ಮಗಳ ಹತ್ತಿರ ಕೂತು "ಯಾಕ ಹಂಗ" ಅಂತ ಕೇಳಿ ಕಾಕಾ. ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಓದು ಅಂತ ಒತ್ತಾಯ ಮಾಡಬೇಡಿ. ಬೆಳಗಿನ ಜಾವ ಎಬ್ಬಿಸಿ, ಒಂದು ಕಪ್ ಚಹಾ ಮಾಡಿಕೊಡಿ.

ಆಳಂದದ ತಂದೆ

ಇದು ನನ್ನ ಕೈಲಿ ಆಗುತ್ತದೆ ತಾಯಿ. ಇವತ್ತಿನಿಂದಲೇ ಕೇಳುತ್ತೇನೆ.

ಪಿಯು ಕೆಮಿಸ್ಟ್ರಿ ಮೇಷ್ಟ್ರು, ಕಲಬುರಗಿ

ಶಹಾಪುರದ ಹುಡುಗಿಗೆ ಒಂದು ಲೆಕ್ಕ ಕೊಡುತ್ತೇನೆ. ಪುಸ್ತಕ ಮುಚ್ಚಿಟ್ಟು ಮಾಡು. ಒಂದು ಸಂಯುಕ್ತದಲ್ಲಿ ಕಾರ್ಬನ್ 4, ಹೈಡ್ರೋಜನ್ 10, ಆಕ್ಸಿಜನ್ 1. ಲೂಕಾಸ್ ರಿಯೇಜೆಂಟ್ ಹಾಕಿದರೆ ಐದು ನಿಮಿಷದ ಹೊತ್ತಿಗೆ ಕಲಕಾಗುತ್ತದೆ. ಅಯೋಡಿನ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಹಳದಿ ಗಸಿ ಕೂರುತ್ತದೆ. ಯಾವುದು ಅದು? ಅದನ್ನು ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಜೊತೆ ಕಾಯಿಸಿದರೆ ಮುಖ್ಯವಾಗಿ ಯಾವ ಆಲ್ಕೀನ್ ಬರುತ್ತದೆ? ಕಾರಣ ಬರೆ, ಬರೀ ಉತ್ತರ ಬೇಡ.

ಶಹಾಪುರದ ಹುಡುಗಿ

ಸರ್, ಊಟದ ಮೊದಲು ಕೂತೆ, ಈಗ ಮುಗಿಯಿತು.

ಲೂಕಾಸ್‌ನಲ್ಲಿ ಕಲಕಾಯಿತು ಅಂದರೆ ಆಲ್ಕೋಹಾಲ್, ಈಥರ್ ಬಿಟ್ಟೆ. ಈ ಫಾರ್ಮುಲಾಕ್ಕೆ ನಾಲ್ಕು ಆಲ್ಕೋಹಾಲ್ ಬರುತ್ತವೆ: ಬ್ಯೂಟೇನ್-1-ಆಲ್, ಬ್ಯೂಟೇನ್-2-ಆಲ್, 2-ಮಿಥೈಲ್ ಪ್ರೊಪೇನ್-1-ಆಲ್, 2-ಮಿಥೈಲ್ ಪ್ರೊಪೇನ್-2-ಆಲ್. ಟರ್ಷಿಯರಿ ಆಗಿದ್ದರೆ ತಕ್ಷಣ ಕಲಕಾಗಬೇಕಿತ್ತು. ಪ್ರೈಮರಿ ಆಗಿದ್ದರೆ ಕಾಯಿಸದೆ ಕಲಕಾಗುವುದಿಲ್ಲ. ಐದು ನಿಮಿಷ ಅಂದರೆ ಸೆಕೆಂಡರಿ. ಅದು ಬ್ಯೂಟೇನ್-2-ಆಲ್ ಒಂದೇ. ಓಎಚ್ ಇರುವ ಕಾರ್ಬನ್ನಿಗೆ ಒಂದು ಮಿಥೈಲ್ ಇದೆ, ಅದಕ್ಕೆ ಅಯೋಡೋಫಾರ್ಮ್ ಹಳದಿ ಬಂತು.

ಆಲ್ಕೀನ್ ಬ್ಯೂಟ್-1-ಈನ್ ಅಂತ ಬರೆದಿದ್ದೇನೆ. ತುದಿಯ ಮಿಥೈಲ್‌ನಲ್ಲಿ ಮೂರು ಹೈಡ್ರೋಜನ್ ಇವೆ, ಆ ಕಡೆ ಎರಡೇ ಇವೆ. ಮೂರು ಇರುವ ಕಡೆಯಿಂದ ಹೋಗುವುದು ಸುಲಭ ಅಲ್ವಾ ಸರ್?

ಪಿಯು ಕೆಮಿಸ್ಟ್ರಿ ಮೇಷ್ಟ್ರು, ಕಲಬುರಗಿ

ಮೊದಲ ಭಾಗ ಪೂರ್ತಿ ಸರಿ. ನಾಲ್ಕನ್ನೂ ಬರೆದು ಒಂದೊಂದನ್ನೇ ತೆಗೆದೆಯಲ್ಲ, ಆ ಅಭ್ಯಾಸ ಬಿಡಬೇಡ.

ಎರಡನೆಯದು ತಪ್ಪು. ಹೈಡ್ರೋಜನ್ ಎಷ್ಟಿವೆ ಅಂತ ನೀನು ಎಣಿಸಿದೆ. ಎಣಿಸಬೇಕಾದದ್ದು, ಆಗುವ ಡಬಲ್ ಬಾಂಡಿನ ಎರಡು ಕಾರ್ಬನ್ನಿಗೆ ಎಷ್ಟು ಆಲ್ಕೈಲ್ ಗುಂಪು ಅಂಟಿಕೊಂಡಿವೆ ಅಂತ. ಬ್ಯೂಟ್-1-ಈನ್‌ನಲ್ಲಿ ಒಂದು. ಬ್ಯೂಟ್-2-ಈನ್‌ನಲ್ಲಿ ಎರಡು. ಗುಂಪು ಜಾಸ್ತಿ ಇದ್ದರೆ ಆಲ್ಕೀನ್ ಗಟ್ಟಿ. ಸೇಟ್ಜೆಫ್ ನಿಯಮ ಹೇಳುವುದು ಇದನ್ನೇ. ಕಾರ್ಬೋಕ್ಯಾಟಯಾನ್‌ನಲ್ಲೂ ನಾವು ಗಟ್ಟಿ ಯಾವುದು ಅಂತಲೇ ಕೇಳಿದ್ದೆವು, ನೆನಪಿದೆಯಾ?

ಶಹಾಪುರದ ಹುಡುಗಿ

ಹೌದು ಸರ್, ಅದೇ ಪ್ರಶ್ನೆ. ಹಾಗಾದರೆ ಬ್ಯೂಟ್-2-ಈನ್‌ನಲ್ಲಿ ಸಿಸ್, ಟ್ರಾನ್ಸ್ ಎರಡೂ ಇವೆಯಲ್ಲ. ಸಿಸ್‌ನಲ್ಲಿ ಎರಡೂ ಮಿಥೈಲ್ ಒಂದೇ ಕಡೆ ಒತ್ತಿಕೊಂಡಿರುತ್ತವೆ. ಟ್ರಾನ್ಸ್ ಜಾಸ್ತಿ ಬರುತ್ತದಾ?

ಪಿಯು ಕೆಮಿಸ್ಟ್ರಿ ಮೇಷ್ಟ್ರು, ಕಲಬುರಗಿ

ಟ್ರಾನ್ಸ್ ಜಾಸ್ತಿ. ಅದನ್ನು ನಾನು ಕೇಳಿಯೇ ಇರಲಿಲ್ಲವ್ವ, ನೀನೇ ಕೇಳಿದೆ. ಬ್ಯೂಟೇನ್-2-ಆಲ್‌ನ ಎರಡನೇ ಕಾರ್ಬನ್ನಿಗೆ ನಾಲ್ಕು ಬೇರೆ ಬೇರೆ ಗುಂಪುಗಳಿವೆ. ಅದರಿಂದ ಏನಾಗುತ್ತದೆ ಅಂತ ನಾಳೆ ಬರೆದು ತಾ.